ಹೊಳೆಯಾಚೆಯ ಹಲ್ಲು

ರುಫೀನಾಳ ಮೇಲ್ದವಡೆಯ ಐದು ಹಲ್ಲು
ಆಮೂರ್ ನದಿಯ ಆಚೆ ದಡದಲ್ಲಿದ್ದವು,
ಹೈಹೆ ಊರಿನ ಒಂದು ಎರಡನೇ ಮಹಡಿಯಲ್ಲಿ,
ಗಚ್ಚಿನ ಅಚ್ಚಿಗೆ ಕಚ್ಚಿಕೊಂಡು,
ದುಡ್ಡು ಬರಲೆಂದು ಕಾಯುತ್ತ.

ಈಚೆ ದಡ ಬ್ಲಾಗೊವೆಶ್ಚೆನ್ಸ್ಕ್. ಇಲ್ಲಿ ನಾನು, ಯೆರ್ಮೊಲಾಯ್,
ಮೂವತ್ತೊಂದು ವರ್ಷ ಬಂದರಿನ ಕ್ರೇನು ಏರಿಳಿದವನು.
ರಾತ್ರಿಯಾದರೆ ಅವರ ದೀಪ
ನಮ್ಮ ಅಡಿಗೆಮನೆಯ ಗೋಡೆಗೆ ಬಣ್ಣ ಬಳಿಯುತ್ತದೆ,
ನಾವು ಬಿಲ್ಲು ಕಟ್ಟಬೇಕಿಲ್ಲದ ಬೆಳಕು.
ದೂರವೆಷ್ಟು? ಗಂಟಲಿದ್ದವನು ಕೂಗಿದರೆ
ಅಲ್ಲಿಯ ನಾಯಿ ತಿರುಗಿ ನೋಡುವಷ್ಟು.

ದುಡ್ಡಿಗೆ ಕಿವಿಯಿಲ್ಲ.
ಹಳೆಯ ಕಾರ್ಡು ಗುಂಡಿ ಡಬ್ಬಿಯ ಪಕ್ಕದಲ್ಲಿದೆ.
ಬೀದಿ ತುದಿಯ ಬ್ರೆಡ್ಡಿನಂಗಡಿಯಲ್ಲಿ ಅದಕ್ಕೆ ಇನ್ನೂ ಜೀವವಿದೆ;
ಗಡಿ ದಾಟಿದ ಗಳಿಗೆ ಬರಿ ಪ್ಲಾಸ್ಟಿಕ್ಕು.
ಕಿಟಕಿಯ ಹಿಮ ಕೆರೆಯಲು ಅಡ್ಡಿಯಿಲ್ಲ.

ಪಕ್ಕದ ಮನೆಯ ಪ್ರೋಖೊರ್ ಹೇಳಿದ:
ಔಷಧದಂಗಡಿಯ ಮೇಲೊಂದು ಸಣ್ಣ ಬ್ಯಾಂಕಿದೆ,
ಚೀನಾದವರ ಕಾರ್ಡನ್ನು ನಮ್ಮವರೇ ಕೊಡುತ್ತಾರೆ,
ಈ ವಾರ ಕೊಡುತ್ತಾರೆ. ಬರುವ ವಾರದ್ದು ನನ್ನ ಕೇಳಬೇಡ.

"ಉದ್ದೇಶ?" ಅಂದಳು ಹುಡುಗಿ,
ಹಸಿರು ಉಗುರು ಕೀಲಿಮಣೆಯ ಮೇಲೆ ನಿಂತಿತ್ತು.
"ಹಲ್ಲು."
"ಪಟ್ಟಿಯಲ್ಲಿ ಹಲ್ಲಿಲ್ಲ, ತಾತ. ಪ್ರವಾಸ, ವ್ಯಾಪಾರ, ಇತರೆ."
ಇತರೆ, ಅಂದೆ.
ಅರವತ್ತೆಂಟು ವರ್ಷದಲ್ಲಿ ನನ್ನನ್ನು ಯಾರೂ
ಇಷ್ಟು ಸರಿಯಾಗಿ ಬರೆದುಕೊಂಡಿರಲಿಲ್ಲ.

ಕಾರ್ಡಿಗಿಷ್ಟು. ಇಟ್ಟುಕೊಳ್ಳುವುದಕ್ಕಿಷ್ಟು. ಅವಸರಕ್ಕೆ ಬೇರೆ.
ಅವಸರ ನಾನು ಕೊಳ್ಳಲಿಲ್ಲ.
ಆರು ವಾರ. ಅಷ್ಟರಲ್ಲಿ ನದಿ ಮೊದಲು ಗಂಜಿಯಾಯಿತು, ಆಮೇಲೆ ಕಲ್ಲಾಯಿತು.
ಯಾರೋ ಒಂದು ಗೋಣಿ ದೇವದಾರು ಬೀಜ ತಂದುಕೊಟ್ಟರು.
ಹಲ್ಲಿದ್ದಾಗ ಬೀಜ ಕೊಳ್ಳಲು ಕಾಸಿರಲಿಲ್ಲ ನಮಗೆ.
ರುಫೀನಾ ಗೋಣಿಯ ಬಾಯಿ ಕಟ್ಟಿ
ಮಂಚದಡಿ ತಳ್ಳಿದಳು, ಮಾತಾಡದೆ.

ಬಂತು. ಕೆಂಪು, ನೀಲಿ, ಹಸಿರು,
ಬಸ್ಸಿನಲ್ಲಿ ನಿದ್ದೆಹೋದ ಮೂವರ ಹಾಗೆ
ಒಂದರ ಮೇಲೊಂದು ವಾಲಿದ ಬಣ್ಣ.
ಕೆಳಗೆ ನನ್ನ ಹೆಸರು,
ನಮ್ಮ ಲಿಪಿಯಲ್ಲೂ ಅಲ್ಲ, ಅವರ ಲಿಪಿಯಲ್ಲೂ ಅಲ್ಲ,
ನಮ್ಮಿಬ್ಬರಿಗೂ ಸಂಬಂಧವಿರದ ಮೂರನೆಯವರ ಅಕ್ಷರದಲ್ಲಿ.
"ಇವನ್ಯಾರು?" ಎಂದು ಅವಳು ನಕ್ಕಳು,
ಎರಡು ವರ್ಷದ ಅಭ್ಯಾಸ, ಅಂಗೈ ಬಾಯಿಗೆ ಅಡ್ಡ.

ಹಿಮದ ಮೇಲಿನ ದೋಣಿ ಬುಸುಗುಟ್ಟುತ್ತ ದಾಟಿಸಿತು.
ದಂತವೈದ್ಯೆ ತನ್ನನ್ನು ಲ್ಯೂಬಾ ಎನ್ನುತ್ತಾಳೆ,
ನಮ್ಮ ನಾಲಿಗೆಗೆ ಸಲೀಸಾಗಲೆಂದು.
ತಾಯಿ ಇಟ್ಟ ಹೆಸರು ಗೋಡೆಯ ಪ್ರಮಾಣಪತ್ರದಲ್ಲಿದೆ,
ಓದಲು ನನಗೆ ಬಾರದು.
ಅವಳ ಮೇಲೆ ನಮ್ಮ ಹೆಸರು, ನನ್ನ ಜೇಬಲ್ಲಿ ಅವರ ಕಾರ್ಡು.
ಯಂತ್ರಕ್ಕೆ ಇದೆಲ್ಲ ಎಲ್ಲಿ ತಿಳಿಯಬೇಕು,
ಉಜ್ಜಿದರೆ, ಇಲ್ಲ ಎಂದಿತು.
ಲ್ಯೂಬಾ ಕಾರ್ಡನ್ನು ತೋಳಿಗೆ ಒರೆಸಿ ಮತ್ತೆ ಕೊಟ್ಟಳು.
ಈ ಸಲ ಯಂತ್ರ ಬಹಳ ಹೊತ್ತು ಯೋಚಿಸಿ
ಚೀಟಿಯ ನಾಲಿಗೆ ಚಾಚಿತು.

ಮನೆಗೆ ಬಂದು ಬೂಟು ಕಳಚುವಾಗ ಫೋನು ನಡುಗಿತು:
ಕಡಿತ.
ಇನ್ನೊಂದು ಸಲ ನಡುಗಿತು:
ಕಡಿತ. ಅದೇ ಮೊತ್ತ, ಮೂರು ನಿಮಿಷ ಮೊದಲಿನದು.
ಇಲ್ಲ ಎಂದಾಗಲೂ ತೆಗೆದುಕೊಂಡಿದ್ದರು.

ಹಸಿರು ಉಗುರು ಈಗ ನೇರಳೆ.
"ಅರ್ಜಿ ಕೊಡಿ. ನಲವತ್ತೈದು ದಿನ, ಹೆಚ್ಚೂ ಆಗಬಹುದು."
"ಕಾರಣ?" ಎಂದು ಫಾರಂ ಕೇಳಿತು.
ಬರೆದೆ, ದಪ್ಪಕ್ಷರದಲ್ಲಿ: ಇತರೆ.

ಮೆಟ್ಟಿಲ ಮೇಲಿರುವಾಗಲೇ ಸದ್ದು ಕೇಳಿಸಿತು,
ಟಿಕ್. ಸ್ವಲ್ಪ ಬಿಟ್ಟು, ಟಿಕ್.
ಗಟ್ಟಿ ಪದಾರ್ಥ ಆರು ತಿಂಗಳು ಕೂಡದೆಂದು
ಲ್ಯೂಬಾ ಬೆರಳೆತ್ತಿ ಹೇಳಿದ್ದಳು.
ಗೋಣಿ ಮಂಚದಡಿಯಿಂದ ಹೊರಬಂದಿತ್ತು,
ರುಫೀನಾಳ ಮಡಿಲ ತುಂಬ ಸಿಪ್ಪೆ.
"ಎರಡು ಸಲ ಕೊಟ್ಟಿದ್ದೀವಲ್ಲ," ಅಂದಳು,
ಅಂಗೈ ಅಡ್ಡ ಹಿಡಿಯುವುದನ್ನು ಮರೆತು,
"ಒಂದು ಜೊತೆ ಮುರಿದರೂ ಚಿಂತೆಯಿಲ್ಲ."